ಸತ್ತ ಮರ ನಿಂತಿರಲಿ ಬಿಡಿ

ಅಮೆರಿಕದ ನಾರ್ತ್ ಕ್ಯಾರೊಲಿನಾದ ಈ ಮನೆಗೆ ಬಂದ ಮೊದಲ ವರ್ಷ, ಹಿತ್ತಲ ಬೇಲಿಯಾಚೆ ಒಂದು ಓಕ್ ಮರ ಸತ್ತು ನಿಂತಿತ್ತು. ತೊಗಟೆ ಅರ್ಧ ಕಳಚಿತ್ತು. ಎಲೆ ಒಂದೂ ಇರಲಿಲ್ಲ. ಅದು ಪಕ್ಕದ ಮನೆಯ ಹಿರಿಯರ ಜಾಗ. "ಕಡಿಸಿಬಿಡೋಣ, ಅರ್ಧ ಖರ್ಚು ನಾನು ಕೊಡ್ತೀನಿ" ಅಂದೆ. ಉಪಕಾರ ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಅವರು ಮರವನ್ನು ನೋಡಿದರು, ನನ್ನನ್ನೂ ನೋಡಿದರು. "ಅದು ಬಿದ್ದರೂ ಯಾರ ಮನೆ ಮೇಲೂ ಬೀಳಲ್ಲ. ಅಲ್ಲಿ ಬೇರೆಯವರು ವಾಸ ಇದ್ದಾರೆ" ಅಂದರು. ಆ ಮಾತು ಚುರುಕ್ಕಂತು.

ಬೇರೆಯವರು ಯಾರು ಅಂತ ಗೊತ್ತಾಗಿದ್ದು ಮಾರ್ಚ್‌ನಲ್ಲಿ. ಬೆಳಗ್ಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು. ಹೊರಗೆ ಬಂದು ನೋಡಿದರೆ ಕಾಗೆ ಗಾತ್ರದ ಕಪ್ಪು ಹಕ್ಕಿ, ತಲೆಯ ಮೇಲೆ ಬೆಂಕಿಯಂಥ ಕೆಂಪು ಜುಟ್ಟು. ಪೈಲಿಯೇಟೆಡ್ ಮರಕುಟಿಗ. ಗಡುಸಾದ ಬಾಲವನ್ನು ಮೂರನೇ ಕಾಲಿನ ಹಾಗೆ ಕಾಂಡಕ್ಕೆ ಒತ್ತಿಕೊಂಡು ಕೂತಿತ್ತು. ಒಳಗಿನ ಬಡಗಿ ಇರುವೆಗಳಿಗಾಗಿ ಅದು ಕೊರೆಯುವ ತೂತು ದುಂಡಗಿರುವುದಿಲ್ಲ, ಉಳಿ ಹಿಡಿದು ಕೆತ್ತಿದ ಹಾಗೆ ಉದ್ದ ಚೌಕ. ಮರದ ಬುಡದಲ್ಲಿ ನನ್ನ ಬೆರಳುದ್ದದ ಚಕ್ಕೆಗಳು ರಾಶಿ ಬಿದ್ದಿದ್ದವು. ಕೆಲವು ದಿನ ಕಳೆದ ಮೇಲೆ ಮೇಲ್ಗಡೆ ಗೂಡಿನ ಕೆಲಸ ಶುರುವಾಯಿತು. ಒಳಗೆ ಕೆತ್ತುವುದು, ತಲೆ ಹೊರಗೆ ಹಾಕಿ ಒಂದು ಬಾಯಿ ಪುಡಿ ಉಗುಳುವುದು, ಮತ್ತೆ ಒಳಗೆ. ಗಂಡು ದಣಿದರೆ ಹೆಣ್ಣು ಬರುತ್ತಿತ್ತು. ವಾರಗಟ್ಟಲೆ ನಡೆಯಿತು. ನಾನು ಆಫೀಸಿಗೆ ತಡವಾಗಿ ಹೋದ ದಿನಗಳೇ ಜಾಸ್ತಿ.

ಮರುವರ್ಷ ಅವು ಆ ಗೂಡಿಗೆ ಬರಲಿಲ್ಲ, ಹೊಸದು ಕೊರೆದವು. ಹಳೆಯ ಪೊಟರೆಗೆ ಒಂದು ಪುಟ್ಟ ಗೂಬೆ ಬಂತು. ನನಗೆ ತಟ್ಟಿದ್ದು ಇದೇ. ಮರಕುಟಿಗ ತನಗೊಂದು ಮನೆ ಕಟ್ಟುವುದಲ್ಲ, ಕಾಡಿಗೇ ಮನೆ ಕಟ್ಟಿಕೊಡುತ್ತದೆ. ಗೂಬೆ, ಹಾರುವ ಅಳಿಲು, ಮರದ ಪೊಟರೆಯಲ್ಲಿ ಮೊಟ್ಟೆ ಇಡುವ ಬಾತು, ಇವು ಯಾವುದಕ್ಕೂ ಕೊರೆಯುವ ಕೊಕ್ಕಿಲ್ಲ. ಆಸ್ಟ್ರೇಲಿಯಾದಲ್ಲಿ ಒಂದೂ ಮರಕುಟಿಗ ಇಲ್ಲ. ಅಲ್ಲಿ ನೀಲಗಿರಿ ಮರಕ್ಕೆ ಗೆದ್ದಲು, ಅಣಬೆ ಹತ್ತಿ ತಾನಾಗಿಯೇ ದೊಡ್ಡ ಪೊಟರೆ ಆಗಬೇಕಾದರೆ ನೂರು ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ. ಇಲ್ಲಿ ಒಂದು ಜೋಡಿ ಹಕ್ಕಿ ಕೆಲವೇ ವಾರಗಳಲ್ಲಿ ಮುಗಿಸುತ್ತದೆ.

ಆದರೆ ಅದಕ್ಕೆ ಸತ್ತ ಮರ ಬೇಕು. ನಮ್ಮ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ನಮ್ಮಲ್ಲಿ ಒಣಗಿದ ಮರ ಅಂದರೆ ಸೌದೆ, ಇಲ್ಲಾ ಅಪಾಯ. ಮೂರನೆಯ ಮಾತೇ ಇಲ್ಲ. ಒಂದು ಕೊಂಬೆ ಒಣಗಿದರೂ ಕೈ ಕೊಡಲಿಗೆ ಹೋಗುತ್ತದೆ. ಇಲ್ಲಿನ ಪೈಲಿಯೇಟೆಡ್‌ಗೆ ಪಶ್ಚಿಮ ಘಟ್ಟದಲ್ಲಿ ಹತ್ತಿರದ ನೆಂಟ ಇದೆ, ಬಿಳಿಹೊಟ್ಟೆಯ ಮರಕುಟಿಗ. ಎರಡೂ ಡ್ರಯೋಕೋಪಸ್ ಕುಲದವು, ಗಾತ್ರ, ಜುಟ್ಟು ಎಲ್ಲ ಹೆಚ್ಚುಕಡಿಮೆ ಒಂದೇ. ಅದಕ್ಕೂ ದೊಡ್ಡ, ಹಳೆಯ, ಒಳಗೆ ಲಡ್ಡು ಹಿಡಿದ ಮರವೇ ಬೇಕು. ಇಲ್ಲಿ ಈ ಹಕ್ಕಿಯನ್ನು ಹಿತ್ತಲಲ್ಲಿ ನೋಡುತ್ತೇನೆ. ಅದರ ನೆಂಟನನ್ನು ನನ್ನ ನಾಡಿನಲ್ಲಿ ಇಪ್ಪತ್ತೈದು ವರ್ಷ ಇದ್ದರೂ ಒಮ್ಮೆಯೂ ನೋಡಲಿಲ್ಲ. ನೋವಾಗುತ್ತದೆ ಅಲ್ವಾ?

ಎಲ್ಲ ಮರಕುಟಿಗಗಳೂ ಒಣಮರವನ್ನೇ ನಂಬಿಲ್ಲ, ನಿಜ. ಲೋಕದಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಗಳಿವೆ. ಅರಿಜೋನಾದ ಮರಳುಗಾಡಿನಲ್ಲಿ ಹೀಲಾ ಮರಕುಟಿಗ ಸಗ್ವಾರೊ ಕಳ್ಳಿಯನ್ನು ಕೊರೆಯುತ್ತದೆ. ಆಂಡೀಸ್ ಬೆಟ್ಟದ ಮರವೇ ಇಲ್ಲದ ಹುಲ್ಲುಗಾವಲಲ್ಲಿ ಒಂದು ಜಾತಿ ಮಣ್ಣಿನ ದಿಬ್ಬದಲ್ಲಿ ಬಿಲ ತೋಡುತ್ತದೆ. ನಮ್ಮದೇ ಕಂದು ಮರಕುಟಿಗವಂತೂ ಮರದ ಮೇಲಿನ ಇರುವೆ ಗೂಡನ್ನೇ ಕೊರೆದು, ಆ ಇರುವೆಗಳ ನಡುವೆಯೇ ಮೊಟ್ಟೆ ಇಡುತ್ತದೆ. ಇಂಥ ಹಕ್ಕಿ ಇಟ್ಟುಕೊಂಡು ನಾವು ಅದರ ಹೆಸರನ್ನೂ ಕಲಿಯುವುದಿಲ್ಲವಲ್ಲ!

ಹೀಗೆ ಇಲ್ಲಿಯವರನ್ನು ಹೊಗಳುತ್ತಾ ಒಂದು ದಿನ ದಕ್ಷಿಣದ ಸ್ಯಾಂಡ್‌ಹಿಲ್ಸ್ ಸೀಮೆಗೆ ಹೋದೆ. ಉದ್ದೆಲೆ ಪೈನ್ ಮರಗಳ ಕಾಡು. ಕೆಲವು ಮರಗಳಿಗೆ ಬಿಳಿ ಪಟ್ಟಿ ಬಳಿದಿದ್ದರು. ಅವು ರೆಡ್ ಕಾಕೇಡೆಡ್ ಮರಕುಟಿಗನ ಗೂಡಿನ ಮರಗಳು. ಇದು ಜೀವಂತ ಪೈನನ್ನೇ ಕೊರೆಯುವ ಜಾತಿ, ಒಂದು ಗೂಡಿಗೆ ಎಷ್ಟೋ ಸಲ ವರ್ಷಗಳೇ ಹಿಡಿಯುತ್ತವೆ. ಗೂಡಿನ ಬಾಯಿಯ ಸುತ್ತ ಮರಕ್ಕೆ ಸಣ್ಣ ಸಣ್ಣ ಗಾಯ ಮಾಡಿ ಅಂಟು ಸುರಿಸುತ್ತದೆ, ಹಾವು ಹತ್ತದಿರಲಿ ಅಂತ. ಕಾಂಡದ ಮೇಲೆ ಮೇಣದಬತ್ತಿ ಕರಗಿದ ಹಾಗೆ ಅಂಟು ಇಳಿದಿತ್ತು. ನೋಡಿ ಖುಷಿಪಟ್ಟೆ. ಆಮೇಲೆ ಆ ಬಿಳಿ ಪಟ್ಟಿ ಯಾಕೆ ಬೇಕಾಯಿತು ಅಂತ ಓದಿದೆ. ಒಂದು ಕಾಲಕ್ಕೆ 9 ಕೋಟಿ ಎಕರೆ ಇದ್ದ ಈ ಪೈನ್ ಕಾಡನ್ನು ಇವರೇ ಕಡಿದು ನೂರಕ್ಕೆ ಮೂರು ಪಾಲಿನಷ್ಟಕ್ಕೆ ಇಳಿಸಿದ್ದರು. 1970ರಲ್ಲಿ ಹಕ್ಕಿ ಅಳಿವಿನಂಚಿನ ಪಟ್ಟಿ ಸೇರಿತು. 1989ರ ಹ್ಯೂಗೊ ಚಂಡಮಾರುತ ಸೌತ್ ಕ್ಯಾರೊಲಿನಾದ ಗೂಡಿನ ಮರಗಳನ್ನು ಉರುಳಿಸಿದಾಗ, ಗರಗಸದಿಂದ ಕಾಂಡ ಕೊರೆದು ಗೂಡುಪೆಟ್ಟಿಗೆ ಕೂರಿಸಬೇಕಾಯಿತು. 2024ರಲ್ಲಷ್ಟೇ ಅದರ ಸ್ಥಿತಿ ಒಂದು ಮೆಟ್ಟಿಲು ಸುಧಾರಿಸಿದ್ದು. ದೊಡ್ಡ ಐವರಿ ಬಿಲ್ಡ್ ಮರಕುಟಿಗಕ್ಕೆ ಆ ಭಾಗ್ಯವೂ ಇರಲಿಲ್ಲ. ಎಲ್ಲರೂ ಒಪ್ಪುವ ಅದರ ಕೊನೆಯ ನೋಟ 1944ರದ್ದು, ಲೂಯಿಸಿಯಾನಾದಲ್ಲಿ, ಮರ ಕಡಿಯುತ್ತಿದ್ದ ಕಾಡಿನಲ್ಲಿ. ಅಂದರೆ ಇವರೂ ಕಳೆದುಕೊಂಡ ಮೇಲೆಯೇ ಕಲಿತವರು. ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಮೊನ್ನೆ ಅಣ್ಣನ ಜೊತೆ ಫೋನಿನಲ್ಲಿ ಇದನ್ನೆಲ್ಲ ಆವೇಶದಲ್ಲೇ ಹೇಳಿದೆ. ನಮ್ಮವರಿಗೆ ಒಣಮರದ ಬೆಲೆ ಗೊತ್ತಿಲ್ಲ ಅಂದೆ. ಅವನು ಪೂರ್ತಿ ಕೇಳಿಸಿಕೊಂಡ. "ತೋಟದ ಅಂಚಲ್ಲಿ ಹಾಲುವಾಣ ಒಣಗಿ ನಾಲ್ಕು ವರ್ಷ ಆಯ್ತು ಕಣೋ. ಹೊಂಬಣ್ಣದ ಬೆನ್ನಿನ ಮರಕುಟಿಗ ಗೂಡು ಮಾಡಿತ್ತು, ಈಗ ಅದರಲ್ಲಿ ಮೈನಾ ಇದೆ. ಕಡಿಯೋಕೆ ಮನಸ್ಸಾಗಲಿಲ್ಲ" ಅಂದ. ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನೀನು ಕೇಳಿದ್ದರೆ ತಾನೆ?"

ರಾತ್ರಿ ವಿಡಿಯೊ ಕಳಿಸಿದ. ಮರ ಮಸುಕಾಗಿ ಕಾಣುತ್ತದೆ, ಗಾಳಿಯ ಸದ್ದೇ ಜಾಸ್ತಿ. ಕೊನೆಯಲ್ಲಿ ಎಲ್ಲೋ ದೂರದಿಂದ ಆ ಹೊಂಬಣ್ಣದ ಹಕ್ಕಿಯ ಕಿರುಚು ನಗೆ, ಚಿಕ್ಕಂದಿನಲ್ಲಿ ದಿನಾ ಕೇಳುತ್ತಿದ್ದದ್ದು. ಆ ಸದ್ದು ಯಾವುದರದ್ದು ಅಂತ ಆಗ ನಾನು ಯಾರನ್ನೂ ಕೇಳಿರಲಿಲ್ಲ.