ಫಿಟ್ಜ್‌ಜೆರಾಲ್ಡ್‌ಗೆ ಗಲ್ಲು: ನ್ಯಾಯವೋ, ಸೇಡೋ?

1786ರ ಜೂನ್ 12ರಂದು ಐರ್ಲೆಂಡಿನ ಕಾಸಲ್‌ಬಾರ್‌ನಲ್ಲಿ ಜಾರ್ಜ್ ರಾಬರ್ಟ್ ಫಿಟ್ಜ್‌ಜೆರಾಲ್ಡ್‌ನನ್ನು ನೇಣಿಗೆ ಹಾಕಿದರು. ಮೊದಲ ಹಗ್ಗ ಹರಿಯಿತು. ಇನ್ನೊಂದು ತಂದರು. ಅವನಿಗಿನ್ನೂ ನಲವತ್ತು ತುಂಬಿರಲಿಲ್ಲ. ದೊಡ್ಡ ಮನೆತನ, ಈಟನ್ ಶಾಲೆ, ಸೋದರಮಾವ ಡೆರಿಯ ಬಿಷಪ್. ಊರಿಗೆಲ್ಲ ಗೊತ್ತಿದ್ದದ್ದು ಮಾತ್ರ ಅವನ ದ್ವಂದ್ವಯುದ್ಧಗಳು. ಆ ಗಲ್ಲು ಸರಿಯೇ?

ಪರ

ಸರಿಯೇ. ಅವನು ಸತ್ತದ್ದು ದ್ವಂದ್ವಯುದ್ಧ ಮಾಡಿದ್ದಕ್ಕಲ್ಲ, ಕೊಲೆ ಮಾಡಿಸಿದ್ದಕ್ಕೆ. ದ್ವಂದ್ವದಲ್ಲಿ ಇಬ್ಬರ ಕೈಯಲ್ಲೂ ಪಿಸ್ತೂಲು ಇರುತ್ತದೆ. ಅವನ ವೈರಿ ಪ್ಯಾಟ್ರಿಕ್ ರಾಂಡಲ್ ಮ್ಯಾಕ್‌ಡೊನೆಲ್ ಕೈಯಲ್ಲಿ ಏನಿತ್ತು? ಅವನನ್ನೂ ಹಿಪ್ಸನ್, ಗ್ಯಾಲಗರ್ ಎಂಬಿಬ್ಬರನ್ನೂ ಫಿಟ್ಜ್‌ಜೆರಾಲ್ಡ್‌ನ ಕಡೆಯವರು ವಾರಂಟ್ ನೆಪದಲ್ಲಿ ಹಿಡಿದು ತಂದಿದ್ದರು. ಕಾವಲಿನಲ್ಲಿ ಕರೆದೊಯ್ಯುವಾಗ, ಯಾರೋ ಬಿಡಿಸಲು ಬಂದರೆಂದು ನಾಟಕ ಹೂಡಿ ಗುಂಡು ಹಾರಿಸಿದರು. ನಮ್ಮ ಮಾತಲ್ಲಿ ಹೇಳುವುದಾದರೆ ನಕಲಿ ಎನ್‌ಕೌಂಟರ್. ಇಬ್ಬರು ಸತ್ತರು. ಗ್ಯಾಲಗರ್ ಬದುಕಿ ಸಾಕ್ಷಿ ಹೇಳಿದ.

ಫಿಟ್ಜ್‌ಜೆರಾಲ್ಡ್‌ನ ಶೌರ್ಯದ ಕಥೆಗಳನ್ನು ನಾನು ಜಾಸ್ತಿ ನಂಬುವುದಿಲ್ಲ. 1773ರಲ್ಲಿ ಲಂಡನ್ನಿನ ವಾಕ್ಸ್‌ಹಾಲ್ ತೋಟದಲ್ಲಿ ಅವನ ಗುಂಪು ನಟಿಯೊಬ್ಬಳನ್ನು ದುರುಗುಟ್ಟಿ ನೋಡಿ ಕಾಡಿತು. ಜೊತೆಗಿದ್ದ ಪಾದ್ರಿ ಹೆನ್ರಿ ಬೇಟ್ ತಿರುಗಿಬಿದ್ದ. ಆಗ ಈ ವೀರ ಏನು ಮಾಡಿದ? ತನ್ನ ಆಳಿಗೇ 'ಕ್ಯಾಪ್ಟನ್ ಮೈಲ್ಸ್' ಅಂತ ವೇಷ ಕಟ್ಟಿ ಮುಂದೆ ಬಿಟ್ಟ. ಪಾದ್ರಿ ಆಳನ್ನು ಚೆನ್ನಾಗಿ ಬಡಿದ ಅನ್ನಿ. ಹೆತ್ತಪ್ಪನನ್ನೇ ಕೂಡಿಹಾಕಿ ಜೈಲು ಕಂಡವನೂ ಇವನೇ. ಕಾಸಲ್‌ಬಾರ್ ಇರುವ ಮೇಯೋ ಜಿಲ್ಲೆ ಇನ್ನೆಷ್ಟು ದಿನ ಸಹಿಸಬೇಕಿತ್ತು?

ವಿರೋಧ

ಅವನು ಒಳ್ಳೆಯವನೆಂದು ನಾನೂ ಹೇಳುವುದಿಲ್ಲ. ಪ್ರಶ್ನೆ ಅವನದಲ್ಲ, ಕೋರ್ಟಿನದು. ಮ್ಯಾಕ್‌ಡೊನೆಲ್‌ಗೆ ಬಿದ್ದ ಆ ಗುಂಡೇಟಿನ ಮುಂದಾಳು ಆಂಡ್ರ್ಯೂ ಕ್ರೇಗ್. ಅವನು ಸರ್ಕಾರಿ ಸಾಕ್ಷಿಯಾದ, ತಲೆ ಉಳಿಸಿಕೊಂಡ. ಅವನ ಮಾತು ಫಿಟ್ಜ್‌ಜೆರಾಲ್ಡ್‌ನನ್ನೂ ಅವನ ವಕೀಲ ಬ್ರೆಕ್ನಾಕ್‌ನನ್ನೂ ನೇಣಿಗೆ ತಳ್ಳಿತು. ತನ್ನ ಕುತ್ತಿಗೆ ಉಳಿಯಬೇಕಾದವನು ಇನ್ನೇನು ಹೇಳಿಯಾನು, ಅಲ್ವಾ?

ಫಿಟ್ಜ್‌ಜೆರಾಲ್ಡ್‌ನನ್ನು ಬೆಳೆಸಿದ್ದಾದರೂ ಯಾರು? 1777ರಲ್ಲಿ ಐರ್ಲೆಂಡಿನ ಕ್ಲೋನ್‌ಮೆಲ್ ಊರಿನಲ್ಲಿ ಕುಲೀನರೇ ಕೂತು ದ್ವಂದ್ವಕ್ಕೆ ನಿಯಮ ಬರೆದರು. ಕಾನೂನಿನ ಪ್ರಕಾರ ದ್ವಂದ್ವದಲ್ಲಿ ಕೊಂದರೂ ಅದು ಕೊಲೆಯೇ. ಆದರೂ ಜ್ಯೂರಿಗಳು ಸಾಮಾನ್ಯವಾಗಿ ಕಣ್ಣು ಮುಚ್ಚುತ್ತಿದ್ದವು. ಗುಂಡು ಹಾರಿಸಿ ಮರ್ಯಾದೆ ಗಳಿಸು ಅಂತ ಹುಡುಗನಿಗೆ ಕಲಿಸಿದವರೇ ಕೊನೆಗೆ ಕಾನೂನಿನ ಪುಸ್ತಕ ತೆರೆದರು.

ಇನ್ನೊಂದು ಸಂಗತಿಯನ್ನು ಮಾತ್ರ ನನ್ನಿಂದ ಮರೆಯಲಾಗುವುದಿಲ್ಲ. ವಿಚಾರಣೆಗೆ ಮೊದಲೇ ಕಾಸಲ್‌ಬಾರ್ ಜೈಲಿಗೆ ಒಂದು ಗುಂಪು ನುಗ್ಗಿತು. ಕೈದಿಯಾಗಿದ್ದ ಅವನನ್ನು ಸಾಯುವಂತೆ ಹೊಡೆದು, ಸತ್ತನೆಂದು ಬಿಟ್ಟು ಹೋಯಿತು. ಸರ್ಕಾರದ ವಶದಲ್ಲಿದ್ದ, ತಪ್ಪಿಸಿಕೊಳ್ಳಲಾಗದ ಮನುಷ್ಯನ ಮೇಲೆ ಕೈ ಮಾಡಿದರು. ಮ್ಯಾಕ್‌ಡೊನೆಲ್‌ಗೆ ಆದದ್ದೂ ಅದೇ ತಾನೆ? ಜೈಲಿಗೆ ನುಗ್ಗಿದವರ ಮೇಲೂ ಕೇಸು ನಡೆಯಿತು. ಬಿಟ್ಟುಬಿಟ್ಟರು.