ಬೆವರಿನ ಕತೆ ಸಾಕು, ಆ ಫೋನ್ ಕರೆಯ ಕತೆ ಹೇಳಿ

ಮೊನ್ನೆ ಒಂದು ತರಬೇತಿ ಶಿಬಿರಕ್ಕೆ ಹೋಗಿದ್ದೆ. ಮಾತುಗಾರಿಕೆ ಕಲಿಸಲು ಬಂದವರು ಪರದೆಯ ಮೇಲೆ ಎರಡು ಕಪ್ಪು-ಬಿಳುಪು ಫೋಟೊ ಹಾಕಿದರು. 1960ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಇಬ್ಬರು ಟಿವಿ ಚರ್ಚೆಯಲ್ಲಿ ಎದುರುಬದುರಾದಾಗಿನವು. ಒಂದರಲ್ಲಿ ಲವಲವಿಕೆಯ ಜಾನ್ ಕೆನಡಿ, ಇನ್ನೊಂದರಲ್ಲಿ ಕೆನ್ನೆ ಇಳಿದ, ಬೆವರಿದ, ಗಡ್ಡದ ನೆರಳು ಕಾಣುವ ರಿಚರ್ಡ್ ನಿಕ್ಸನ್. ರೇಡಿಯೊ ಕೇಳಿದವರು ನಿಕ್ಸನ್ ಗೆದ್ದರು ಅಂದರಂತೆ, ಟಿವಿ ನೋಡಿದವರು ಕೆನಡಿ ಗೆದ್ದರು ಅಂದರಂತೆ. ಸರಿಯಾಗಿ ಮೇಕಪ್ ಮಾಡಿಸಿಕೊಳ್ಳದೆ ಒಬ್ಬ ಮನುಷ್ಯ ಅಮೆರಿಕದ ಅಧ್ಯಕ್ಷ ಪದವಿ ಕಳಕೊಂಡ, ಅಲ್ಲಿಗೆ ಕತೆ ಮುಗೀತು. ಸಭೆಯಲ್ಲಿದ್ದವರೆಲ್ಲ ತಲೆಯಾಡಿಸಿದರು.

ನಾನೂ ತರಗತಿಯಲ್ಲಿ ಈ ಕತೆಯನ್ನು ವರ್ಷಗಟ್ಟಲೆ ಹೇಳಿಕೊಂಡು ಬಂದವನು. ಈಗ ಹೇಳುವುದಿಲ್ಲ. ಯಾಕೆ ಅನ್ನುವುದನ್ನು ಇಲ್ಲಿ ಬರೆಯಬೇಕು ಅನ್ನಿಸಿತು.

1960ರ ಸೆಪ್ಟೆಂಬರ್ 26, ಶಿಕಾಗೊದ ಸಿಬಿಎಸ್ ಟಿವಿ ಸ್ಟುಡಿಯೊ. ಅದಕ್ಕೂ ಹತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಹತ್ತು ಮನೆಗೆ ಒಂದರಲ್ಲಿ ಟಿವಿ ಇತ್ತು, ಆ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಮನೆಗೆ ಬಂದಿತ್ತು. (ನಮ್ಮಲ್ಲಿ ಆಗ ದಿಲ್ಲಿಯೊಂದರಲ್ಲಿ ಮಾತ್ರ ಪ್ರಾಯೋಗಿಕ ಪ್ರಸಾರ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ.) ಆರೂವರೆ ಕೋಟಿಗೂ ಹೆಚ್ಚು ಜನ ಆ ರಾತ್ರಿ ಚರ್ಚೆ ನೋಡಿದರು. ನಿಕ್ಸನ್ ಮೊಣಕಾಲಿನ ಸೋಂಕಿನಿಂದ ಸುಮಾರು ಎರಡು ವಾರ ಆಸ್ಪತ್ರೆಯಲ್ಲಿದ್ದು ಎದ್ದು ಬಂದಿದ್ದರು. ಮೈ ಇಳಿದು ಅಂಗಿಯ ಕಾಲರ್ ಸಡಿಲವಾಗಿತ್ತು. ಸ್ಟುಡಿಯೊ ಬಾಗಿಲಲ್ಲಿ ಕಾರಿನಿಂದ ಇಳಿಯುವಾಗ ಅದೇ ಮೊಣಕಾಲು ಮತ್ತೆ ತಗುಲಿತು. ಹಾಕಿದ್ದ ಬೂದು ಸೂಟು ಹಿಂದಿನ ಗೋಡೆಯಲ್ಲಿ ಕರಗಿಹೋಯಿತು. ಇವೆಲ್ಲ ನಿಜ. ಆದರೆ ನೋವಿನಲ್ಲಿ ನಿಂತಿದ್ದವನ ಬೆವರನ್ನು ಅರವತ್ತು ವರ್ಷ ಪಾಠ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ರೇಡಿಯೊ-ಟಿವಿ ಕತೆಗೆ ಆಧಾರ ಸಿಂಡ್‌ಲಿಂಗರ್ ಎಂಬ ಸಂಸ್ಥೆಯ ಒಂದು ಸಮೀಕ್ಷೆ. ಅದರಲ್ಲಿ ರೇಡಿಯೊ ಕೇಳಿದವರು ಮುನ್ನೂರು ಮಂದಿಯೂ ಇರಲಿಲ್ಲ. ಟಿವಿ ಮನೆಮನೆಗೆ ಬಂದ ಕಾಲದಲ್ಲಿ ರೇಡಿಯೊದಲ್ಲೇ ಕೇಳಿದವರು ಯಾರು? ಹೆಚ್ಚಾಗಿ ಹಳ್ಳಿಗಾಡಿನವರು ಇರಬೇಕು, ಅಲ್ಲಿ ಮೊದಲಿನಿಂದಲೂ ನಿಕ್ಸನ್ ಕಡೆಗೇ ಒಲವು. ಮುಖ ಕಂಡಿದ್ದಕ್ಕೆ ಅಭಿಪ್ರಾಯ ಬದಲಾಯಿತು ಅಂತ ಇಷ್ಟರಿಂದ ತೀರ್ಮಾನಿಸಲು ಬರುವುದಿಲ್ಲ.

ಹೋದ ವರ್ಷ ಆ ಚರ್ಚೆಯನ್ನು ಯೂಟ್ಯೂಬ್‌ನಲ್ಲಿ ಹಚ್ಚಿ, ಫೋನ್ ಬೋರಲು ಹಾಕಿ, ಬರೀ ಕಿವಿಯಿಂದ ಪೂರ್ತಿ ಕೇಳಿದೆ. ಕೆನಡಿ ಮೊದಲು ಮಾತಾಡುತ್ತಾರೆ. ಒಂದು ಕರಿಯ ಮಗು ಹೈಸ್ಕೂಲು ಮುಗಿಸುವ ಸಂಭವ ಬಿಳಿಯ ಮಗುವಿನ ಅರ್ಧದಷ್ಟು, ಕಾಲೇಜು ಮುಗಿಸುವ ಸಂಭವ ಮೂರನೇ ಒಂದರಷ್ಟು, ಕೆಲಸವಿಲ್ಲದೆ ಕೂರುವ ಸಂಭವ ನಾಲ್ಕು ಪಟ್ಟು ಎಂದು ಲೆಕ್ಕ ಒಪ್ಪಿಸುತ್ತಾರೆ. ಆಮೇಲೆ ನಿಕ್ಸನ್. ಮೊದಲ ವಾಕ್ಯದಲ್ಲೇ, ಸೆನೆಟರ್ ಕೆನಡಿ ಹೇಳಿದ್ದರಲ್ಲಿ ನಮ್ಮಲ್ಲಿ ಅನೇಕರು ಒಪ್ಪುವಂಥದ್ದಿದೆ ಅನ್ನುತ್ತಾರೆ. ಎಂಟು ವರ್ಷ ಉಪಾಧ್ಯಕ್ಷರಾಗಿದ್ದವರು ಎದುರಾಳಿಯ ಮಾತಿಗೆ ಸಮಜಾಯಿಷಿ ಕೊಡುವ ಜಾಗದಲ್ಲಿ ತಾವೇ ಹೋಗಿ ನಿಂತರು. ಕಣ್ಣು ಮುಚ್ಚಿಕೊಂಡು ಕೇಳಿದರೂ ಅದು ತಿಳಿಯುತ್ತದೆ.

ಅವರ ಬೆನ್ನಿಗೆ ನಿಲ್ಲಬೇಕಾದವರೂ ನಿಲ್ಲಲಿಲ್ಲ. ನಿಕ್ಸನ್ ಕೊಟ್ಟ ಯಾವುದಾದರೂ ದೊಡ್ಡ ಸಲಹೆ ಹೇಳಿ ಎಂದು ಆಗಸ್ಟ್‌ನಲ್ಲಿ ಪತ್ರಕರ್ತರು ಕೇಳಿದಾಗ ಅಧ್ಯಕ್ಷ ಐಸೆನ್‌ಹೋವರ್, ಒಂದು ವಾರ ಟೈಮು ಕೊಟ್ಟರೆ ಯಾವುದಾದರೂ ನೆನಪಾಗಬಹುದು ಅಂದುಬಿಟ್ಟಿದ್ದರು. ಚರ್ಚೆಯಲ್ಲಿ ಅದೇ ಮಾತನ್ನು ಎತ್ತಿ ನಿಕ್ಸನ್‌ಗೆ ಪ್ರಶ್ನೆ ಕೇಳಲಾಯಿತು.

ಈಗ ಯಾರೂ ಫೋಟೊ ಹಾಕದ ಕತೆಗೆ ಬರುತ್ತೇನೆ. ಅಕ್ಟೋಬರ್ 19ರಂದು ಅಟ್ಲಾಂಟದ ಒಂದು ದೊಡ್ಡ ಅಂಗಡಿಯಲ್ಲಿ, ಕರಿಯರಿಗೆ ಊಟ ಕೊಡದ ಹೋಟೆಲಿನ ವಿರುದ್ಧ ಧರಣಿ ಕೂತಿದ್ದಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಬಂಧಿಸಿದರು. ಜೊತೆಯವರನ್ನು ಬಿಟ್ಟರು, ಅವರನ್ನು ಬಿಡಲಿಲ್ಲ. ಡ್ರೈವಿಂಗ್ ಲೈಸೆನ್ಸಿನ ಒಂದು ಹಳೇ ಕೇಸು ಕೆದಕಿ ನಾಲ್ಕು ತಿಂಗಳ ಕಠಿಣ ಶಿಕ್ಷೆ ವಿಧಿಸಿದರು. ರಾತ್ರೋರಾತ್ರಿ ಕೈಕೋಳ ಹಾಕಿ ದೂರದ ರೀಡ್ಸ್‌ವಿಲ್ ಜೈಲಿಗೆ ಸಾಗಿಸಿದರು. ಆ ಕಾಲದ ಜಾರ್ಜಿಯಾದಲ್ಲಿ ಹಾಗೆ ಒಯ್ದ ಕರಿಯ ಮನುಷ್ಯ ಜೀವಂತ ವಾಪಸು ಬರುತ್ತಾನೆಂಬ ಭರವಸೆ ಯಾರಿಗೂ ಇರಲಿಲ್ಲ. ಮಡದಿ ಕೊರೆಟಾ ಸುಮಾರು ಆರು ತಿಂಗಳ ಬಸುರಿ.

ಕೆನಡಿ ತಂಡದಲ್ಲಿ ಹ್ಯಾರಿಸ್ ವಾಫರ್ಡ್ ಅಂತ ಒಬ್ಬರಿದ್ದರು. ತರುಣರಾಗಿದ್ದಾಗ ಗಾಂಧೀಜಿಯ ವಿಚಾರಗಳಿಗೆ ಒಲಿದು ಭಾರತಕ್ಕೆ ಬಂದುಹೋದವರು. ಆ ತಾಯಿಗೆ ಒಂದು ಫೋನ್ ಮಾಡಿಸೋಣ ಎಂಬ ಯೋಚನೆ ಅವರದು. ಅದನ್ನು ಕೆನಡಿಯವರ ಕಿವಿಗೆ ಹಾಕಿದವರು ಅವರ ತಂಗಿಯ ಗಂಡ ಸಾರ್ಜೆಂಟ್ ಶ್ರೈವರ್. ಮಾತು ಒಂದೆರಡು ನಿಮಿಷವಷ್ಟೇ. ದಕ್ಷಿಣದ ಬಿಳಿಯರ ವೋಟು ಹೋಗುತ್ತದೆ ಎಂದು ಕೆನಡಿಯ ತಮ್ಮ ರಾಬರ್ಟ್ ಮೊದಲು ಸಿಟ್ಟಾದರು, ಆಮೇಲೆ ಅವರೇ ನ್ಯಾಯಾಧೀಶರಿಗೆ ಫೋನ್ ಮಾಡಿದರು. ಕಿಂಗ್ ಬಿಡುಗಡೆಯಾದರು.

ನಿಕ್ಸನ್ ಬಾಯಿ ಬಿಡಲಿಲ್ಲ. ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್ಸನ್ ಅವರ ಪರವಾಗಿ ಪ್ರಚಾರ ಮಾಡುತ್ತಿದ್ದರು, ಏನಾದರೂ ಒಂದು ಮಾತು ಹೇಳಿ ಎಂದು ಕೇಳಿಕೊಂಡರು. ಆದರೂ ಇಲ್ಲ. ಇದೇ ನಿಕ್ಸನ್ ಕಿಂಗ್ ಅವರನ್ನು ಮೊದಲೇ ಬಲ್ಲವರು ಎಂಬುದನ್ನು ನೆನೆದಾಗ ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ. ಕಿಂಗ್ ಅವರ ತಂದೆ ಪ್ರಾಟೆಸ್ಟೆಂಟರ ಬ್ಯಾಪ್ಟಿಸ್ಟ್ ಪಂಥದ ಪಾದ್ರಿ. ಕ್ಯಾಥೊಲಿಕ್ ಎಂಬ ಕಾರಣಕ್ಕೆ ಕೆನಡಿಗೆ ವೋಟು ಹಾಕುವುದಿಲ್ಲ ಎಂದಿದ್ದವರು ಬಹಿರಂಗವಾಗಿ ಅವರ ಪರ ನಿಂತರು. ಚುನಾವಣೆಯ ಹಿಂದಿನ ಭಾನುವಾರ ಕರಿಯರ ಚರ್ಚುಗಳ ಹೊರಗೆ ಈ ಫೋನ್ ಕರೆಯ ಕತೆ ಹೊತ್ತ ನೀಲಿ ಕಾಗದದ ಕರಪತ್ರಗಳು ಲಕ್ಷಗಟ್ಟಲೆ ಕೈಯಿಂದ ಕೈಗೆ ಹೋದವು. ಟಿವಿಗೆ ಇದು ದೊಡ್ಡ ಸುದ್ದಿಯೇ ಆಗಿರಲಿಲ್ಲ.

ಈಗ ಅಂತರ ನೋಡಿ. ನವೆಂಬರ್ 8ರಂದು ಬಿದ್ದದ್ದು ಆರೂ ಮುಕ್ಕಾಲು ಕೋಟಿಗೂ ಹೆಚ್ಚು ವೋಟು. ವ್ಯತ್ಯಾಸ 1 ಲಕ್ಷ 13 ಸಾವಿರದ ಆಸುಪಾಸು. ಒಂದೊಂದು ಮತಗಟ್ಟೆಗೆ ಒಂದು ವೋಟೂ ಬೀಳುವುದಿಲ್ಲ. ಅದೂ ಅಲಬಾಮದ ವೋಟುಗಳನ್ನು ಹೇಗೆ ಎಣಿಸಬೇಕು ಎಂಬುದರ ಮೇಲೆ ನಿಂತ ಲೆಕ್ಕ. ಅಮೆರಿಕದಲ್ಲಿ ಅಧ್ಯಕ್ಷರನ್ನು ಕೊನೆಗೆ ಆರಿಸುವುದು ಒಂದೊಂದು ರಾಜ್ಯದಿಂದ ಗೆದ್ದುಬಂದ ಪ್ರತಿನಿಧಿಗಳ ಮತ. ಅಲಬಾಮದಲ್ಲಿ ಕೆನಡಿಯದೇ ಆದ ಡೆಮಾಕ್ರಟಿಕ್ ಪಕ್ಷದ ಪಟ್ಟಿಯ 11 ಪ್ರತಿನಿಧಿಗಳಲ್ಲಿ ಕೆನಡಿಗೆ ಬದ್ಧರಾಗಿದ್ದವರು ಐವರೇ. ಇಲಿನಾಯ್‌ನಲ್ಲಿ ಅಂತರ 8,858. ಶಿಕಾಗೊ ಮೇಯರ್ ಡೇಲಿಯ ಕಡೆಯವರು ಪೆಟ್ಟಿಗೆ ತುಂಬಿಸಿ ಕೆನಡಿಯನ್ನು ಗೆಲ್ಲಿಸಿದರು ಎಂದು ಇವತ್ತಿಗೂ ಹೇಳುವವರಿದ್ದಾರೆ. ಅಲ್ಲಿ ಏನೂ ನಡೆದೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಆದರೆ ಇಲಿನಾಯ್‌ನ 27 ಪ್ರತಿನಿಧಿ ಮತ ಕಳೆದರೂ ಕೆನಡಿಗೆ 276 ಉಳಿಯುತ್ತಿತ್ತು, ಬೇಕಾಗಿದ್ದುದು 269. ಟೆಕ್ಸಸ್ ಕೂಡ ತಿರುಗಬೇಕಿತ್ತು, ಅಲ್ಲಿನ ಅಂತರ 46 ಸಾವಿರಕ್ಕೂ ಮೇಲೆ.

ಇಷ್ಟು ತೆಳು ಅಂತರದಲ್ಲಿ ಬೆವರೂ ಲೆಕ್ಕಕ್ಕೆ ಬಂದಿರಬಹುದು, ಒಪ್ಪುತ್ತೇನೆ. ಹಾಗಾದರೆ ಆ ಫೋನ್ ಕರೆಯೂ, ತಮ್ಮ ಧರ್ಮದ ಪ್ರಶ್ನೆ ಎದುರಿಸಲು ಹ್ಯೂಸ್ಟನ್‌ನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಗಳ ಮುಂದೆ ಕೆನಡಿ ನಿಂತದ್ದೂ, ಐವತ್ತು ರಾಜ್ಯಗಳಿಗೂ ಹೋಗುತ್ತೇನೆಂದು ಮಾತು ಕೊಟ್ಟ ನಿಕ್ಸನ್ ಕೊನೆಯ ದಿನಗಳಲ್ಲಿ ಅಲಾಸ್ಕಕ್ಕೆ ಹಾರಿದ್ದೂ ಲೆಕ್ಕಕ್ಕೆ ಬರಲೇಬೇಕು. ಬೆವರೊಂದನ್ನೇ ಹಿಡಿದರೆ, ಯೋಚಿಸಿ ವೋಟು ಹಾಕಿದ ಕೋಟ್ಯಂತರ ಜನರನ್ನು ನಾವು ಪೆದ್ದರೆಂದು ಕರೆದ ಹಾಗಾಗುತ್ತದೆ.

ಕೊನೆಗೆ ಹವಾಯಿ. ರಾಜ್ಯವಾಗಿ ಒಂದು ವರ್ಷವಾಗಿತ್ತಷ್ಟೆ, ಅದಕ್ಕದು ಮೊದಲ ಅಧ್ಯಕ್ಷೀಯ ಚುನಾವಣೆ. ಮೊದಲ ಎಣಿಕೆಯಲ್ಲಿ 141 ವೋಟಿನಿಂದ ನಿಕ್ಸನ್ ಮುಂದೆ. ಮರುಎಣಿಕೆ ಡಿಸೆಂಬರ್ ಕೊನೆವರೆಗೂ ನಡೆದು 115 ವೋಟಿನಿಂದ ಕೆನಡಿ ಗೆದ್ದರು. 1961ರ ಜನವರಿ 6ರಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಜಂಟಿ ಅಧಿವೇಶನದಲ್ಲಿ ಪ್ರತಿನಿಧಿ ಮತಗಳ ಎಣಿಕೆಯ ಅಧ್ಯಕ್ಷತೆ ವಹಿಸಬೇಕಾದವರು ಉಪಾಧ್ಯಕ್ಷರು, ಅಂದರೆ ನಿಕ್ಸನ್ ಅವರೇ. ಹವಾಯಿಯಿಂದ ಬಂದಿದ್ದ ಫಲಿತಾಂಶದ ಪತ್ರಗಳಲ್ಲಿ ಅವರ ಪರವಾದದ್ದೂ ಇತ್ತು, ಕೆನಡಿ ಪರವಾದದ್ದೂ ಇತ್ತು. ಮುಂದಕ್ಕೆ ಇದೇ ಪದ್ಧತಿ ಆಗಬೇಕಿಲ್ಲ ಎಂದು ಹೇಳಿ, ಯಾರದಾದರೂ ಆಕ್ಷೇಪ ಇದೆಯೇ ಎಂದು ಕೇಳಿದರು. ಯಾರೂ ಏಳಲಿಲ್ಲ. ಆ ಮೂರು ಮತಗಳನ್ನು ಕೆನಡಿಯ ಲೆಕ್ಕಕ್ಕೆ ಸೇರಿಸಿ, 303 ಎಂದು ಎದುರಾಳಿಯ ಗೆಲುವನ್ನು ತಾವೇ ಓದಿದರು. ಹದಿಮೂರು ವರ್ಷದ ನಂತರ ವಾಟರ್‌ಗೇಟ್ ಹಗರಣದಲ್ಲಿ ಮುಳುಗಿದವರೂ ಇವರೇ. ಅದು ಗೊತ್ತಿದ್ದೂ, ಶಿಬಿರದಲ್ಲಿ ನಿಕ್ಸನ್‌ರ ಫೋಟೊ ಹಾಕುವವರು ಆ ದಿನದ ಫೋಟೊವನ್ನೂ ಒಂದು ಸಲ ಹಾಕಲಿ.