ಬಾಗಿಲು ಹಾಕುವ ಮುನ್ನ ಕ್ರೀಟ್

ಮೆಡಿಟರೇನಿಯನ್ ಸಮುದ್ರದ ದ್ವೀಪಗಳಿಗೆ ಹೋಗುವುದಿದ್ದರೆ ಅಕ್ಟೋಬರಿನಲ್ಲಿ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿ ನೆತ್ತಿ ಸುಡುವ ಬಿಸಿಲು, ಕಡಲತೀರದಲ್ಲಿ ಟವೆಲ್ ಹಾಸುವುದಕ್ಕೂ ಜಾಗವಿಲ್ಲದಷ್ಟು ಜನ. ಮೇ ತಿಂಗಳಲ್ಲಿ ಹೋದರೆ ಬೆಟ್ಟಗಳೆಲ್ಲ ಹೂಬಿಟ್ಟು ನಿಂತಿರುತ್ತವೆ, ಆದರೆ ಕಡಲಿಗೆ ಕಾಲಿಟ್ಟವರು ಇಟ್ಟಷ್ಟೇ ಬೇಗ ಹಿಂದಕ್ಕೆ ತೆಗೆಯುತ್ತಾರೆ. ನೀರು ನಿಧಾನವಾಗಿ ಕಾಯುವಂಥದು, ಆರುವುದೂ ನಿಧಾನವೇ. ಆದ್ದರಿಂದ ಬೇಸಿಗೆಯುದ್ದಕ್ಕೂ ಕುಡಿದ ಬಿಸಿಲನ್ನು ಕಡಲು ಅಕ್ಟೋಬರಿನವರೆಗೂ ಇಟ್ಟುಕೊಂಡಿರುತ್ತದೆ, ಕ್ರೀಟ್ ದ್ವೀಪದ ಸುತ್ತ ಆಗಲೂ 23 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದೇ ಹೊತ್ತಿಗೆ ನಾವಿರುವ ಜರ್ಮನಿಯ ಕಲೋನ್ ನಗರದಲ್ಲಿ ಹೀಟರ್ ಹಾಕಬೇಕೋ ಬೇಡವೋ ಎಂಬ ಗಂಡಹೆಂಡಿರ ವಾರ್ಷಿಕ ವಾದ ಆರಂಭವಾಗಿರುತ್ತದೆ.

ದ್ವೀಪವೆಂದರೆ ಬೆಳಿಗ್ಗೆ ಹೊರಟು ಸಂಜೆಯೊಳಗೆ ಒಂದು ಸುತ್ತು ಹಾಕಿ ಬರಬಹುದಾದ ನೆಲ ಎಂದುಕೊಂಡವರನ್ನು ಕ್ರೀಟ್ ಸುಮ್ಮನೆ ಬಿಡುವುದಿಲ್ಲ. ಗ್ರೀಸಿನ ದ್ವೀಪಗಳಲ್ಲೆಲ್ಲ ಅತಿ ದೊಡ್ಡದು, ಇಡೀ ಮೆಡಿಟರೇನಿಯನ್‌ನಲ್ಲಿ ಐದನೆಯದು. ವಿಸ್ತೀರ್ಣ ಸುಮಾರು 8,300 ಚದರ ಕಿಲೋಮೀಟರ್, ಪೂರ್ವದಿಂದ ಪಶ್ಚಿಮಕ್ಕೆ ಉದ್ದ ಸುಮಾರು 260 ಕಿಲೋಮೀಟರ್. ಈ ಉದ್ದಕ್ಕೂ ಬೆನ್ನುಮೂಳೆಯಂತೆ ಬೆಟ್ಟಗಳ ಸಾಲಿದೆ, ಅದರಲ್ಲಿ ಪ್ಸಿಲೊರಿಟಿಸ್ ಶಿಖರ 2,456 ಮೀಟರ್ ಎತ್ತರಕ್ಕೆ ಏರುತ್ತದೆ. ಭೂಪಟದಲ್ಲಿ ಒಂದು ಗೇಣು ಕಾಣುವ ದಾರಿ ನೆಲದ ಮೇಲೆ ಅರ್ಧ ದಿನ ತಿನ್ನುತ್ತದೆ. ಹೀಗಿದ್ದೂ ಸ್ನೇಹಿತರೊಬ್ಬರು ಏಳು ದಿನಗಳಲ್ಲಿ ಪೂರ್ತಿ ಕ್ರೀಟ್ ಮುಗಿಸುವ ಪಟ್ಟಿಯೊಂದನ್ನು ನಮಗೆ ಕಳುಹಿಸಿಕೊಟ್ಟರು. ಅದರಲ್ಲಿ ಊಟಕ್ಕೆ ತಲಾ ಅರ್ಧ ಗಂಟೆ ಇತ್ತು, ಸ್ನಾನದ ಪ್ರಸ್ತಾಪವೇ ಇರಲಿಲ್ಲ. ಅಕ್ಟೋಬರಿನ ಕೊನೆಯ ಭಾಗದಲ್ಲಿ ಅಲ್ಲಿ ಸಂಜೆ ಏಳಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ ಎಂಬುದನ್ನು ಆ ಪಟ್ಟಿ ಲೆಕ್ಕಕ್ಕೆ ಹಿಡಿದ ಹಾಗಿಲ್ಲ. ಅರ್ಧ ಕ್ರೀಟ್ ಸಾಕು, ಪಶ್ಚಿಮದ ಅರ್ಧವೇ ಸಾಕು ಎಂದು ನಾನು ತೀರ್ಪು ಕೊಟ್ಟೆ. ಪೂರ್ವದ ವಾಯ್ ಎಂಬಲ್ಲಿನ ತಾಳೆವನವನ್ನೂ, 1957ರವರೆಗೆ ಕುಷ್ಠರೋಗಿಗಳನ್ನು ಇರಿಸುತ್ತಿದ್ದ ಸ್ಪಿನಲೋಂಗ ಎಂಬ ಪುಟ್ಟ ನಡುಗಡ್ಡೆಯನ್ನೂ ಹೀಗೆ ಒಂದೇ ಗೆರೆಯಲ್ಲಿ ಹೊಡೆದುಹಾಕಿದ್ದಾಯಿತು.

ಎಲ್ಲಿಗೆ ಎಂಬುದು ಸುಲಭ, ಯಾವಾಗ ಎಂಬುದೇ ಕಷ್ಟ. ಜರ್ಮನಿಯಲ್ಲಿ ಶಾಲೆಗೆ ಹೋಗುವ ಮಗುವಿದ್ದವರು ಸರ್ಕಾರ ಕೊಟ್ಟ ರಜೆಯಲ್ಲೇ ಪ್ರಯಾಣ ಮಾಡತಕ್ಕದ್ದು. ಎರಡು ದಿನ ಮುಂಚೆ ಹೊರಟರೆ ಟಿಕೆಟ್ ಅಗ್ಗವಾಗುತ್ತದೆಂದು ಮಗುವಿಗೆ ಜ್ವರ ಬರಿಸುವ ಉಪಾಯವೆಲ್ಲ ಇಲ್ಲಿ ನಡೆಯದು. 2018ರಲ್ಲಿ ಬವೇರಿಯಾದ ವಿಮಾನ ನಿಲ್ದಾಣಗಳಲ್ಲಿ ರಜೆಗೆ ಮೊದಲೇ ಕಾಣಿಸಿಕೊಂಡ ಮಕ್ಕಳನ್ನು ಪೊಲೀಸರು ತಡೆದು ವಿಚಾರಿಸಿದ್ದು ದೊಡ್ಡ ಸುದ್ದಿಯಾಗಿತ್ತು. ನಮ್ಮ ರಾಜ್ಯದಲ್ಲಿ ಶರತ್ಕಾಲದ ರಜೆ ಎರಡು ವಾರ. ಆ ಎರಡು ವಾರಗಳ ಎದುರಿಗೆ ಕ್ರೀಟ್ ತನ್ನದೇ ಪಂಚಾಂಗವನ್ನು ಹಿಡಿದು ನಿಂತಿರುತ್ತದೆ. ವಿಮಾನಗಳ ಬೇಸಿಗೆ ವೇಳಾಪಟ್ಟಿ ಅಕ್ಟೋಬರಿನ ಕೊನೆಯ ಭಾನುವಾರದ ಹಿಂದಿನ ದಿನ ಮುಗಿಯುತ್ತದೆ, ಆಮೇಲೆ ನೇರ ವಿಮಾನಗಳು ವಿರಳ. ದಕ್ಷಿಣ ತೀರದ ಬಹಳಷ್ಟು ಹೋಟೆಲುಗಳು ಆ ತಿಂಗಳ ಕೊನೆಗೆ ಬಾಗಿಲು ಹಾಕುತ್ತವೆ. ಕಾಲ್ನಡಿಗೆಯಲ್ಲಿ ಇಳಿಯಬೇಕಾದ ಸಮಾರಿಯಾ ಕಣಿವೆಯ ಗೇಟು ಸಾಮಾನ್ಯವಾಗಿ ಮೇ ತಿಂಗಳಿನಿಂದ ಅಕ್ಟೋಬರ್ ಮುಗಿಯುವವರೆಗೆ ತೆರೆದಿರುತ್ತದೆ, ಅದೂ ಮಳೆ ಬಾರದಿದ್ದರೆ. ನಾವು ಯೋಜನೆ ಹಾಕುತ್ತಿದ್ದೇವೆ ಎಂದುಕೊಂಡಿದ್ದೆವು. ನಿಜವಾಗಿ ನೋಡಿದರೆ ಮುಚ್ಚಲಿರುವ ಬಾಗಿಲುಗಳ ನಡುವೆ ಸಂದು ಹುಡುಕುತ್ತಿದ್ದೆವು.

ಪ್ರವಾಸಿಗರ ಹಂಗಾಮು ಮುಗಿಯುವ ಹೊತ್ತಿಗೆ ದ್ವೀಪದವರ ಸ್ವಂತ ಹಂಗಾಮು ಶುರುವಾಗುತ್ತದೆ, ನನಗೆ ಆಸೆ ಹುಟ್ಟಿಸಿದ್ದು ಅದೇ. ಪಶ್ಚಿಮದ ಬೆಟ್ಟಗಳ ಎಲೋಸ್ ಎಂಬ ಹಳ್ಳಿಯ ಸುತ್ತ ಚೆಸ್ಟ್‌ನಟ್ ಉದುರುತ್ತದೆ, ನವೆಂಬರ್ ಬಂದರೆ ಆಲಿವ್ ಮರಗಳ ಕೆಳಗೆ ಬಲೆ ಹಾಸುತ್ತಾರೆ. ಇವೆರಡರ ನಡುವೆ ರಾಕಿ ಎಂಬ ಮದ್ಯದ ಕಾಲ. ವೈನಿಗಾಗಿ ದ್ರಾಕ್ಷಿಯನ್ನು ಹಿಂಡಿದ ಮೇಲೆ ಉಳಿಯುವ ಸಿಪ್ಪೆ, ಬೀಜಗಳ ಗಸಿಯನ್ನು ಕೆಲವು ವಾರ ಹುಳಿಯಲು ಬಿಟ್ಟು, ತಾಮ್ರದ ಹಂಡೆಯಲ್ಲಿ ತುಂಬಿ, ಕೆಳಗೆ ಆಲಿವ್ ಸೌದೆ ಉರಿಸಿ ಭಟ್ಟಿ ಇಳಿಸುತ್ತಾರೆ. ಹಂಡೆಯ ಮುಚ್ಚಳದಿಂದ ಹೊರಟ ಕೊಳವೆ ತಣ್ಣೀರಿನ ತೊಟ್ಟಿಯ ಮೂಲಕ ಹಾದು ಬರುತ್ತದೆ, ಅದರ ಆಚೆಯ ತುದಿಯಲ್ಲಿ ರಾಕಿ ಸಣ್ಣ ಎಳೆಯಾಗಿ ಇಳಿಯುವಾಗ ಸುತ್ತಲೂ ಊರವರು ಕುಳಿತಿರುತ್ತಾರೆ. ಅದೇ ಕೆಂಡದಲ್ಲಿ ಆಲೂಗಡ್ಡೆ ಸುಟ್ಟುಕೊಳ್ಳುತ್ತಾರೆ, ದಾಳಿಂಬೆ ಬಿಡಿಸಿಕೊಳ್ಳುತ್ತಾರೆ. ಆಗಸ್ಟಿನಲ್ಲಿ ಹೋದವರಿಗೆ ಸಿಗುವುದು ಬಾಟಲಿ ಮಾತ್ರ. ಈ ವಿಷಯವನ್ನು ನಾನು ಮನೆಯಲ್ಲಿ ತುಸು ಹೆಚ್ಚೇ ಉತ್ಸಾಹದಿಂದ ವಿವರಿಸಿದೆನೆಂದು ಕಾಣುತ್ತದೆ. ಅಮ್ಮ, “ಓಹೋ, ಇದಕ್ಕೇ ಅಷ್ಟು ದೂರ ಹೊರಟಿದ್ದಾ ನೀನು” ಎಂದರು.

ಅಮ್ಮ ತೀರ್ಥಹಳ್ಳಿಯಿಂದ ಬಂದು ನಮ್ಮ ಜೊತೆಗಿದ್ದಾರೆ. ಗ್ರೀಸ್ ಕೂಡ ಷೆಂಗೆನ್ ಒಪ್ಪಂದದೊಳಗಿನ ದೇಶವಾದ್ದರಿಂದ, ಜರ್ಮನಿಗೆಂದು ಸಿಕ್ಕಿದ ವೀಸಾದ 90 ದಿನಗಳೊಳಗೆ ಅವರು ನಮ್ಮೊಡನೆ ಅಲ್ಲಿಗೂ ಬರಬಹುದು. ವೀಸಾದ ಚಿಂತೆ ತಪ್ಪಿದೊಡನೆ ಊಟದ ಚಿಂತೆ ತಲೆಯೆತ್ತಿತು. ಮೊಟ್ಟೆಯನ್ನೂ ಮುಟ್ಟದವರನ್ನು ಮೀನು, ಕುರಿ, ಬಸವನಹುಳುಗಳನ್ನು ಪ್ರೀತಿಯಿಂದ ತಿನ್ನುವ ದ್ವೀಪಕ್ಕೆ ಹೇಗೆ ಕರೆದೊಯ್ಯುವುದು? ಇಲ್ಲಿ ನಮ್ಮ ಕೈ ಹಿಡಿದದ್ದು ಗ್ರೀಕ್ ಚರ್ಚು. ಅವರ ಸಂಪ್ರದಾಯದಲ್ಲಿ ಬುಧವಾರ ಮತ್ತು ಶುಕ್ರವಾರ ಉಪವಾಸ, ಈಸ್ಟರಿಗೆ ಮೊದಲು ವಾರಗಟ್ಟಲೆ ವ್ರತ. ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಸಲ್ಲದು. ಹೀಗಾಗಿ ಬೇಯಿಸಿ ಅರೆದ ಬೇಳೆ, ದಪ್ಪ ಅವರೆಯಂಥ ಬಿಳಿ ಕಾಳು, ನಿಂಬೆರಸ ಹಿಂಡಿದ ಬೇಯಿಸಿದ ಕಾಡುಸೊಪ್ಪು, ಇವೆಲ್ಲ ಅಲ್ಲಿನ ಅಡುಗೆಯಲ್ಲಿ ಎಂದಿನಿಂದಲೂ ಇವೆ. ಡಾಕೋಸ್ ಎಂಬುದೊಂದಿದೆ: ಬಾರ್ಲಿಯ ಗಟ್ಟಿ ರಸ್ಕನ್ನು ತುಸು ನೆನೆಸಿ, ಮೇಲೆ ತುರಿದ ಟೊಮೆಟೊ, ಮಿಝಿಥ್ರಾ ಎಂಬ ಮೆತ್ತನೆಯ ಚೀಸು, ಧಾರಾಳವಾಗಿ ಆಲಿವ್ ಎಣ್ಣೆ. ಕೇಳಿದ ಅಮ್ಮ, ಅವರಿಗೂ ಏಕಾದಶಿಯಂಥದೊಂದು ಇದೆಯಲ್ಲ ಎಂದು ಸಮಾಧಾನಗೊಂಡು ಕ್ರೀಟಿಗೆ ಒಪ್ಪಿಗೆ ಕೊಟ್ಟರು.

ಮಗಳ ಬೇಡಿಕೆ ಒಂದೇ, ಮಿನೋಟಾರನ ಚಕ್ರವ್ಯೂಹ. ಗೂಳಿಯ ತಲೆಯ ಆ ರಾಕ್ಷಸನ ಕತೆಗೆ ಅಂಟಿಕೊಂಡಿರುವ ಕ್ನೊಸೋಸ್ ಅರಮನೆಯಿರುವುದು ಹೆರಾಕ್ಲಿಯೋನ್ ನಗರದ ಪಕ್ಕದಲ್ಲಿ, ನಾವು ಉಳಿಯಬೇಕೆಂದಿರುವ ಖಾನಿಯಾದಿಂದ 140 ಕಿಲೋಮೀಟರ್ ದೂರದಲ್ಲಿ. ಬ್ರಿಟಿಷ್ ಪುರಾತತ್ವಜ್ಞ ಆರ್ಥರ್ ಇವಾನ್ಸ್ 1900ರಲ್ಲಿ ಅಲ್ಲಿ ಅಗೆಸಲು ಆರಂಭಿಸಿ, ಅರಮನೆ ಸಿಕ್ಕಿದ ಮೇಲೆ ಬಿದ್ದ ಭಾಗಗಳನ್ನು ಕಾಂಕ್ರೀಟಿನಲ್ಲಿ ಎಬ್ಬಿಸಿ, ಕಂಬಗಳಿಗೆ ಕೆಂಪು ಬಳಿಸಿದರು. ವಿದ್ವಾಂಸರು ಇಂದಿಗೂ ಅದಕ್ಕೆ ಮೂಗು ಮುರಿಯುತ್ತಾರೆ. ಆದರೆ ಹತ್ತು ವರ್ಷದ ಮಗುವಿಗೆ ಬರೀ ಅಡಿಪಾಯ ತೋರಿಸಿ ಅರಮನೆ ಎಂದು ನಂಬಿಸುವ ಕಷ್ಟ ಬಲ್ಲ ನಾನು ಇವಾನ್ಸರ ಪಕ್ಷ. ಹೆರಾಕ್ಲಿಯೋನ್‌ನಲ್ಲಿ ಇಳಿದು, ಮರುದಿನ ಕ್ನೊಸೋಸ್ ನೋಡಿ, ಪಶ್ಚಿಮಕ್ಕೆ ಸಾಗಿ, ಖಾನಿಯಾದಿಂದಲೇ ಮರಳುವುದೆಂದು ತೀರ್ಮಾನವಾಯಿತು. ಬಾಡಿಗೆ ಕಾರನ್ನು ಒಂದೂರಲ್ಲಿ ಪಡೆದು ಇನ್ನೊಂದೂರಲ್ಲಿ ಬಿಟ್ಟರೆ ಹೆಚ್ಚಿನ ಹಣ ತೆರಬೇಕು, ಆದರೂ ಒಂದಿಡೀ ದಿನ ಉಳಿಯುತ್ತದೆ. ಕಾರು ಓಡಿಸುವವಳು ನನ್ನ ಹೆಂಡತಿ. ಉತ್ತರ ತೀರದ ಹೆದ್ದಾರಿಯಲ್ಲಿ ಹಿಂದಿನವರಿಗೆ ದಾರಿ ಬಿಡಲು ಎಲ್ಲರೂ ಅಂಚಿನ ಗೆರೆಯನ್ನು ದಾಟಿ ಅರ್ಧ ಕಾರನ್ನು ಪಕ್ಕಕ್ಕೆ ಸರಿಸಿಯೇ ಓಡಿಸುತ್ತಾರಂತೆ ಎಂದಾಗ, ಜರ್ಮನಿಯಲ್ಲಿ ಲೈಸೆನ್ಸ್ ಪಡೆದ ಆಕೆ, ಗೆರೆ ಎಳೆದದ್ದಾದರೂ ಯಾಕೆ ಎಂದು ಕೇಳಿದಳು.

ಸಮಾರಿಯಾದ ದಿನಕ್ಕೆ ಮಾತ್ರ ನಾವು ಎರಡು ತಂಡವಾಗಬೇಕು. ಮೇಲೆ ಓಮಾಲೋಸ್ ಪ್ರಸ್ಥಭೂಮಿಯಲ್ಲಿ 1,200 ಮೀಟರಿಗೂ ಹೆಚ್ಚಿನ ಎತ್ತರದಿಂದ ಹೊರಟು 16 ಕಿಲೋಮೀಟರ್ ಇಳಿದರೆ ಲಿಬಿಯಾ ಸಮುದ್ರದ ದಂಡೆಯ ಆಗಿಯಾ ರೂಮೆಲಿ ಸಿಗುತ್ತದೆ. ಆ ಹಳ್ಳಿಗೆ ರಸ್ತೆಯೇ ಇಲ್ಲ, ದೋಣಿಯೊಂದೇ ಗತಿ. ನಾನೂ ಮಗಳೂ ಬೆಳಗಿನ ಬಸ್ಸಿನಲ್ಲಿ ಓಮಾಲೋಸ್‌ಗೆ ಹೋಗಿ ಇಳಿಯುವುದು, ಹೆಂಡತಿ ಮತ್ತು ಅಮ್ಮ ಕಾರಿನಲ್ಲಿ ಸ್ಫಾಕಿಯಾಕ್ಕೆ ಬಂದು ಅಲ್ಲಿಂದ ದೋಣಿಯಲ್ಲಿ ಆಗಿಯಾ ರೂಮೆಲಿಗೆ ಬಂದು ಕಾಯುವುದು, ಸಂಜೆಯ ದೋಣಿಯಲ್ಲಿ ಎಲ್ಲರೂ ಮರಳುವುದು. ಗಾಳಿ ಜೋರಾದರೆ ದೋಣಿ ಬಿಡುವುದಿಲ್ಲ, ಮಳೆಯ ಸೂಚನೆಯಿದ್ದರೆ ಕಣಿವೆ ತೆರೆಯುವುದಿಲ್ಲ. ಆದ್ದರಿಂದ ಈ ದಿನವನ್ನು ಪಟ್ಟಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟು, ಮುಂದಿನ ದಿನವನ್ನು ಖಾಲಿ ಬಿಟ್ಟಿದ್ದೇವೆ. ಸ್ಫಾಕಿಯಾದ ದಾರಿಯ ತಿರುವುಗಳ ಚಿತ್ರವನ್ನು ಅಮ್ಮನಿಗೆ ತೋರಿಸಿದೆ. ಆಗುಂಬೆಯ 14 ತಿರುವುಗಳನ್ನು ನಿಂಬೆಹಣ್ಣು ಮೂಸುತ್ತ ಎಷ್ಟೋ ಸಲ ಇಳಿದವರು ಅವರು; ಅಲ್ಲಿ ನಿಂಬೆಹಣ್ಣು ಸಿಗುತ್ತದೆಯೇ ಎಂದಷ್ಟೇ ಕೇಳಿದರು.

ಎಲ್ಲ ಮುಗಿಯಿತೆಂದು ಟಿಕೆಟ್ ಕೊಳ್ಳಲು ಕುಳಿತಾಗ ಅಮ್ಮ ಗೋಡೆಯ ಪಂಚಾಂಗವನ್ನು ತಿರುವಿ, ನಾವು ಖಾನಿಯಾದಲ್ಲಿರುವ ದಿನಗಳಲ್ಲೇ ನರಕ ಚತುರ್ದಶಿ ಬರುತ್ತದೆಂದು ತೋರಿಸಿದರು. ರಜೆಯನ್ನು ಸರಿಸುವಂತಿಲ್ಲ, ಹಬ್ಬವನ್ನಂತೂ ಸರಿಸುವಂತಿಲ್ಲ. ಎಣ್ಣೆಯ ನಾಡಿಗೇ ಹೋಗುತ್ತಿರುವಾಗ ಅಭ್ಯಂಜನಕ್ಕೆ ಏನು ಕೊರತೆ ಎಂದು ನಾನು ವಾದಿಸಿದೆ. ಆಲಿವ್ ಎಣ್ಣೆ ತಲೆಗೆ ಉಷ್ಣವೋ ಶೀತವೋ ಎಂದು ಅವರು ತೀರ್ಥಹಳ್ಳಿಯ ಚಿಕ್ಕಮ್ಮನಿಗೆ ಫೋನು ಮಾಡಿ ವಿಚಾರಿಸಿದರು; ಅಲ್ಲಿಂದ ಸ್ಪಷ್ಟ ಉತ್ತರ ಬರಲಿಲ್ಲ. ಬಾಡಿಗೆ ಮನೆಯ ಒಡತಿಗೆ ಹೆಂಡತಿ ಪತ್ರ ಬರೆದು, ಬೆಳಗಿನ ಜಾವ ನಾಲ್ಕಕ್ಕೆ ಧಾರಾಳ ಬಿಸಿನೀರು ಬರುತ್ತದೆಯೇ, ಒಂದು ದೊಡ್ಡ ಬಕೆಟ್ ಸಿಗುತ್ತದೆಯೇ ಎಂದು ಕೇಳಿದ್ದಾಳೆ. ಬಕೆಟ್ ಇದೆಯೆಂದೂ, ಯಾತಕ್ಕೆ ಬೇಕೆಂದು ತಿಳಿಸಬಹುದೇ ಎಂದೂ ಉತ್ತರ ಬಂದಿದೆ. ಈಗ ಉಳಿದಿರುವುದು ಕೈಚೀಲದ 8 ಕಿಲೋ ಮಿತಿಯೊಳಗೆ ಚೊಂಬು, ಸೀಗೆಪುಡಿ ಮತ್ತು ಮಗಳ ಈಜುಕನ್ನಡಕಗಳನ್ನು ಹೊಂದಿಸುವ ಕೆಲಸ.